ಮಾಸ್ತರರ ರಾಲಿ ಸೈಕಲ್ಲಿಗೆ ಎಂಜಿನ್ ಹಚ್ಚಿದ್ದು, ಲೆಕ್ಕ ಸಮೇತ

ಹೋದ ವರ್ಷ ಯುಗಾದಿ ಮುಗಿದ ವಾರ ಮಾಸ್ತರರು ಸೈಕಲ್ ತಳ್ಳಿಕೊಂಡು ನಮ್ಮ ಅಂಗಡಿಗೆ ಬಂದರು. ಬೆಟಗೇರಿಯಲ್ಲಿ ನಮ್ಮದು ಸಣ್ಣ ಲೇತ್ ಅಂಗಡಿ. ಪಂಪಿನ ಶಾಫ್ಟು, ಟ್ರ್ಯಾಕ್ಟರ್ ಬುಶ್ಶು, ಮಗ್ಗದ ಬಿಡಿಭಾಗ, ಇವೇ ಹೊಟ್ಟೆಪಾಡು. ಮಾಸ್ತರರು ನನಗೆ ಆರನೇ ಕ್ಲಾಸಿನಲ್ಲಿ ಲೆಕ್ಕ ಕಲಿಸಿದವರು, ಈಗ ರಿಟೈರ್ ಆಗಿದ್ದಾರೆ. ಲಕ್ಕುಂಡಿ ಹತ್ತಿರ ಅವರದು ನಾಲ್ಕು ಎಕರೆ ಎರೆ ಹೊಲ ಇದೆ. ಮನೆಯಿಂದ ಸುಮಾರು 12 ಕಿಲೋಮೀಟರ್. ವಾರಕ್ಕೆ ಮೂರು ಸಲ ಸೈಕಲ್ ಮೇಲೇ ಹೋಗಿಬರುತ್ತಿದ್ದರು, ಈಗ ಮೊಳಕಾಲು ಒಲ್ಲೆ ಅನ್ನುತ್ತಿದೆ. ಅದೂ ಆಷಾಢದಲ್ಲಿ. ಹೋಗುವಾಗ ಗಾಳಿ ಬೆನ್ನಿಗೆ ಇರುತ್ತದೆ, ಬರುವಾಗ ಎದೆಗೆ. ಗದಗಿನ ಗಾಳಿ ಗೊತ್ತಲ್ಲ, ಸುಮ್ನೆ ಅಲ್ಲಿ ಗಾಳಿ ಫ್ಯಾನು ನೆಟ್ಟಿಲ್ಲ.

"ಇದಕ್ಕೊಂದು ಸಣ್ಣ ಎಂಜಿನ್ ಹಚ್ಚಿ ಕೊಡು ತಮ್ಮಾ" ಅಂದರು. "ಆದ್ರ ಒಂದ್ ಮಾತು. ಎಂಜಿನ್ ಬಿಚ್ಚಿದ್ರ ನಮ್ಮಪ್ಪನ ಸೈಕಲ್ ಇದ್ದಂಗ ಇರಬೇಕು. ಒಂದ್ ತೂತ್ ಹೊಡಿಯಂಗಿಲ್ಲ, ಒಂದ್ ಕಡೆ ಕೊಯ್ಯಂಗಿಲ್ಲ."

ಮೊಪೆಡ್ ತಗೊಳ್ರಿ ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಸೈಕಲ್ ಮಾತ್ರ ನೋಡಿದರೆ ಕೈ ಮುಗಿಯಬೇಕು, ಹಾಗಿದೆ. ಅವರ ತಂದೆ ಐವತ್ತರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಕೊಂಡ ರಾಲಿ. ಹ್ಯಾಂಡಲ್ ಕೆಳಗಿನ ಹಿತ್ತಾಳೆ ಬಿಲ್ಲೆಯ ಮೇಲೆ ಕೊಕ್ಕರೆಯ ತಲೆ, ಅದರ ಕೆಳಗೆ ನಾಟಿಂಗ್‌ಹ್ಯಾಮ್, ಇಂಗ್ಲೆಂಡ್. ಪೈಪುಗಳ ಕೂಡಿಕೆಯಲ್ಲಿ ಲಗ್ಗು, ಅಂದರೆ ಪೈಪಿನ ತುದಿ ಹೊಗಿಸುವ ಕೊಳವೆ, ಹಾಕಿ ಹಿತ್ತಾಳೆ ಬೆಸುಗೆ ಮಾಡಿದ ಫ್ರೇಮು. ಕೇಬಲ್ ಇಲ್ಲದ ರಾಡ್ ಬ್ರೇಕು. 28 ಇಂಚಿನ ಗಾಲಿ, ಮುಂದೆ 32 ಕಡ್ಡಿ, ಹಿಂದೆ 40 ಕಡ್ಡಿ. ಈ ನಲವತ್ತನ್ನು ನೆನಪಿಟ್ಟುಕೊಳ್ಳಿ, ನನ್ನ ಮೊದಲ ಯೋಜನೆ ಬಿದ್ದು ಹೋದದ್ದು ಅಲ್ಲೇ.

ನನ್ನ ಹತ್ತಿರ ಒಂದು ಚೈನಾ ಕಿಟ್ ಮೊದಲೇ ಇತ್ತು. ಆನ್‌ಲೈನಲ್ಲಿ "80 ಸಿಸಿ" ಅಂತ ಮಾರುವ ಟೂ ಸ್ಟ್ರೋಕ್ ಎಂಜಿನ್, ಫ್ರೇಮಿನ ತ್ರಿಕೋನದೊಳಗೆ ಕೂರುವಂಥದ್ದು. ಎಂದೋ ಹುಕಿಗೆ ತರಿಸಿ ಅಟ್ಟದ ಮೇಲೆ ಇಟ್ಟಿದ್ದೆ. ಕೆಳಗಿಳಿಸಿ ಫ್ರೇಮಿಗೆ ಹಿಡಿದು ನೋಡಿದೆ. ಹಿಂದಿನ ಗಾಲಿಗೆ ಎಡಗಡೆ ಒಂದು 44 ಹಲ್ಲಿನ ಚಕ್ರ ಕೂರಿಸಬೇಕು. ಅದನ್ನು ಗಾಲಿಯ ನಡುವಿನ ಹಬ್ಬಿಗೆ ಅಲ್ಲ, ಕಡ್ಡಿಗಳಿಗೇ ಬಿಗಿಯುವುದು. ಕಡ್ಡಿಗಳ ಎರಡೂ ಕಡೆ ರಬ್ಬರ್ ಬಿಲ್ಲೆ ಇಟ್ಟು 9 ಬೋಲ್ಟ್ ಹಾಕಬೇಕು. 36 ಕಡ್ಡಿಯ ಗಾಲಿಯಾದರೆ ನಾಲ್ಕು ಕಡ್ಡಿಗೊಂದು ಬೋಲ್ಟ್ ಸರಿಯಾಗಿ ಸಂದಿಯಲ್ಲಿ ಕೂರುತ್ತದೆ. 40 ಕಡ್ಡಿಯಲ್ಲಿ ಎರಡು ಬೋಲ್ಟ್ ಕೂರುತ್ತವೆ, ಮೂರನೆಯದು ಕಡ್ಡಿಯ ಮೇಲೇ ಬರುತ್ತದೆ. ಬಲವಂತ ಮಾಡಿ ಕಡ್ಡಿ ಬಾಗಿಸಿ ಹಾಕುವವರನ್ನು ನಾನು ನೋಡಿದ್ದೇನೆ. ಅಂಥ ಗಾಲಿ ತಿಂಗಳೊಳಗೆ ಎಂಟಿನಾಕಾರ ಆಗುತ್ತದೆ.

ಬೇರೆ ರಿಂಗ್ ತಿರುಗಿಸಿ ಮಾಡಬಹುದಿತ್ತು, ಲೇತ್ ಇದೆಯಲ್ಲ. ಆದರೆ ಕಿಟ್ಟಿನ ದೊಡ್ಡ ತಕರಾರು ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಂ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಗಾಲಿ ಇದ್ದು ಎಂಜಿನ್ 25 ಸಿಸಿ ಮೀರದಿದ್ದರೆ ಅದು "ಮೋಟಾರು ವಾಹನ" ಅಲ್ಲ. ಮೀರಿದರೆ ನೋಂದಣಿ ಬೇಕು, ವಿಮೆ ಬೇಕು, ಲೈಸೆನ್ಸ್ ಬೇಕು. ಮನೆಯಲ್ಲಿ ಮಾಡಿದ ಗಾಡಿಗೆ ನೋಂದಣಿ ಮಾಡಿಸುವುದು ನಮ್ಮ ನಿಮ್ಮ ಕೈಲಾಗುವ ಕೆಲಸವಲ್ಲ. ಇದನ್ನು ಹೇಳಿದ್ದೇ ತಪ್ಪಾಯಿತು, ಮಾಸ್ತರರು ಬಳಪ ಕೇಳಿದರು. ಕಬ್ಬಿಣ ಗುರುತು ಮಾಡುವ ಬಳಪ ಕೊಟ್ಟೆ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, "ಬೋರ್ ಎಷ್ಟು, ಸ್ಟ್ರೋಕ್ ಎಷ್ಟು ಹೇಳು" ಅಂದರು. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 47 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 38. ಅವರು ಬರೆದರು: 22/7, 2.35ರ ವರ್ಗ, ಅದಕ್ಕೆ 3.8. ಬಂದದ್ದು 65.95. "ಎಂಬತ್ತು ಅಂತ ಮಾರಿದವನಿಗೆ ಸೊನ್ನಿ ಮಾರ್ಕ್ಸ್" ಅಂತ ಕೆಳಗೆ ಗೆರೆ ಎಳೆದರು.

ಕಿಟ್ ಮತ್ತೆ ಅಟ್ಟ ಸೇರಿತು.

ಎರಡನೇ ಗಿರಾಕಿ ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವ ಪಂಪಿನ ಎಂಜಿನ್. ನಮ್ಮ ಕಡೆ ಹತ್ತಿ, ಮೆಣಸಿನಕಾಯಿ ಬೆಳೆಯುವವರ ಮನೆಯಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಪೆಟ್ರೋಲ್ ಪಂಪು ಒಂದಾದರೂ ಇರುತ್ತದೆ, ಕೆಟ್ಟವಂತೂ ಗುಜರಿಯಲ್ಲಿ ರಾಶಿ ಬಿದ್ದಿರುತ್ತವೆ. ಎಂಜಿನ್ ಅಗ್ಗ, ಹಗುರ. ಸಿಕ್ಕಿದ್ದರ ಬೋರ್ 34, ಸ್ಟ್ರೋಕ್ 28. ಮಾಸ್ತರರು ಮತ್ತೆ ಕೂತರು. 25.43. ಅರ್ಧ ಸಿಸಿಯಷ್ಟು ಮೀರುತ್ತದೆ! ಸಾಲದ್ದಕ್ಕೆ ಅದರಲ್ಲಿ ಕ್ಲಚ್ ಇಲ್ಲ. ಎಂಜಿನ್ ಚಾಲೂ ಇದ್ದರೆ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಸೈಕಲ್ ನಿಂತಾಗ ಏನು ಮಾಡೋದು?

ಕೊನೆಗೆ ಹಾವೇರಿ ಕಡೆಯ ಗೆಳೆಯನೊಬ್ಬನ ಹತ್ತಿರ ಹುಲ್ಲು ಕೊಯ್ಯುವ ಮಷಿನ್ ಸಿಕ್ಕಿತು. ಬ್ಲೇಡಿನ ಕಡೆಯ ಗೇರ್ ಪುಡಿಯಾಗಿತ್ತು, ಎಂಜಿನ್ ಚೆನ್ನಾಗಿತ್ತು. 5,500 ರೂಪಾಯಿಗೆ ಕೊಟ್ಟ. ಹೊಂಡಾ ಜಿಎಕ್ಸ್25. ನಾಲ್ಕು ಸ್ಟ್ರೋಕ್, ಹಾಗಾಗಿ ಪೆಟ್ರೋಲಿಗೆ ಎಣ್ಣೆ ಕಲಸುವ ರಗಳೆ ಇಲ್ಲ, ಬೇರೆಯಾಗಿ 80 ಮಿಲಿ ಎಂಜಿನ್ ಆಯಿಲ್ ಹಾಕಿದರೆ ಆಯಿತು. ತೂಕ ಮೂರು ಕೆಜಿಗೂ ಒಳಗೆ, ಶಕ್ತಿ ಸುಮಾರು ಒಂದು ಎಚ್‌ಪಿ. ತುದಿಯಲ್ಲಿ ಸೆಂಟ್ರಿಫ್ಯೂಗಲ್ ಕ್ಲಚ್ ಇದೆ. ನಿಧಾನಕ್ಕೆ ತಿರುಗುವಾಗ ಎರಡು ಶೂಗಳು ಸ್ಪ್ರಿಂಗಿನ ಹಿಡಿತದಲ್ಲಿ ಒಳಗೇ ಇರುತ್ತವೆ, 4,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ದಾಟಿದ ಮೇಲೆ ಹೊರಗೆ ಹಾರಿ ಸುತ್ತಲಿನ ಡ್ರಮ್ಮನ್ನು ಹಿಡಿಯುತ್ತವೆ. ಬೋರ್ 35, ಸ್ಟ್ರೋಕ್ 26.

ಮಾಸ್ತರರು ಬರೆದರು, ನಾನು ಉಸಿರು ಹಿಡಿದು ನಿಂತೆ. 25.025.

"ಮೀರಿತಲ್ಲೋ!"

"ಸರ್, 22/7 ಬಿಡ್ರಿ, 3.1416 ಹಾಕ್ರಿ" ಅಂದೆ. ಹಾಕಿದರು. 25.015. ಸ್ವಲ್ಪ ಹೊತ್ತು ನೆಲ ನೋಡುತ್ತಾ ಕೂತರು. ಆಮೇಲೆ ಎಂಜಿನ್ ಕೈಯಲ್ಲಿ ತೆಗೆದುಕೊಂಡು, ಕಂಪನಿಯವರು 25 ಅಂತಲೇ ಬರೆದಿದ್ದನ್ನು ಕನ್ನಡಕ ಸರಿ ಮಾಡಿಕೊಂಡು ಓದಿ, "ಪೂರ್ಣಾಂಕಕ್ಕ ತಂದ್ರ ಪಾಸ್" ಅಂದು ನೆಲ ಒರೆಸಿದರು.

ಎಲೆಕ್ಟ್ರಿಕ್ ಯಾಕೆ ಮಾಡಲಿಲ್ಲ ಅಂತ ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. 250 ವ್ಯಾಟ್ ಒಳಗೆ, 25 ಕಿ.ಮೀ. ವೇಗದೊಳಗೆ ಇದ್ದರೆ ಅದಕ್ಕೂ ಇಂಥದೇ ವಿನಾಯಿತಿ ಇದೆ. ಆದರೆ ನನಗೆ ಸಿಕ್ಕ ಹಬ್ ಮೋಟರುಗಳೆಲ್ಲ 36 ತೂತಿನವು. ಮತ್ತೆ ಅದೇ ನಲವತ್ತರ ಕಥೆ.

ಈಗ ನಿಜವಾದ ಕೆಲಸ. ಚೈನ್ ಬೇಡ, ಫ್ರೇಮ್ ಮುಟ್ಟುವಂತಿಲ್ಲ ಅಂದ ಮೇಲೆ ಉಳಿದದ್ದು ಒಂದೇ ದಾರಿ: ಎಂಜಿನ್ನಿನ ತುದಿಗೆ ಒಂದು ರೋಲರ್ ಹಾಕಿ ಅದನ್ನು ಟಯರಿನ ಮೇಲೆ ಒತ್ತುವುದು. ಇದೇನು ನನ್ನ ತಲೆಯಿಂದ ಬಂದದ್ದಲ್ಲ. ಫ್ರಾನ್ಸಿನ ವೆಲೋಸೊಲೆಕ್ಸ್ 1946ರಿಂದ ಮುಂದಿನ ಗಾಲಿಯ ಮೇಲೆ ರೋಲರ್ ಒತ್ತಿಕೊಂಡೇ ಓಡಿತು. ಅದೇ 1946ರಲ್ಲಿ ಜಪಾನಿನಲ್ಲಿ ಸೊಯಿಚಿರೊ ಹೊಂಡಾ ಸೈನ್ಯದ ರೇಡಿಯೋ ಜನರೇಟರ್ ಎಂಜಿನ್‌ಗಳನ್ನು ಸೈಕಲ್ಲಿಗೆ ಹಚ್ಚಿ ಮಾರಲು ಶುರು ಮಾಡಿದ್ದು. ಯುದ್ಧ ಮುಗಿದಿತ್ತು, ಎಂಜಿನ್‌ಗಳು ಬಿದ್ದಿದ್ದವು, ಜನರ ಹತ್ತಿರ ಸೈಕಲ್ ಇತ್ತು. ನಾವು ಈಗ ಮಾಡುತ್ತಿರುವುದೂ ಅದೇ, ಜನರೇಟರ್ ಬದಲು ಹುಲ್ಲು ಕೊಯ್ಯುವ ಮಷಿನ್.

ರೋಲರಿನಲ್ಲಿ ಒಂದು ಮಜಾ ಇದೆ. ಗಾಲಿ ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ರೋಲರಿನ ಸುತ್ತಳತೆಯನ್ನು ಆರ್‌ಪಿಎಂನಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ದೂರ ಅಂತ ಬರುತ್ತದೆ, ಅಷ್ಟೇ. ಇದನ್ನು ನಾನು ಮೊದಲೇ ಲೆಕ್ಕ ಹಾಕಬೇಕಿತ್ತು. ಹಾಕಲಿಲ್ಲ. ಕೈಗೆ ಸಿಕ್ಕ 32 ಮಿ.ಮೀ. ರಾಡನ್ನೇ ಕೊಯ್ದು, ಎರಡೂ ಕಡೆ 15 ಮಿ.ಮೀ.ಗೆ ಇಳಿಸಿ 6202 ಬೇರಿಂಗ್ ಹಾಕಿದೆ. ಎರಡೂ ಕಡೆ ಬೇರಿಂಗ್ ಬೇಕೇ ಬೇಕು. ಒಂದೇ ಕಡೆ ಹಿಡಿದರೆ ಟಯರಿನ ಒತ್ತಡವೆಲ್ಲ ಕ್ಲಚ್ಚಿನ ಸಣ್ಣ ಬೇರಿಂಗಿನ ಮೇಲೆ ಬಿದ್ದು ಅದು ವಾರದಲ್ಲಿ ಕಿರುಚಲು ಶುರು ಮಾಡುತ್ತದೆ. ಹುಲ್ಲು ಕೊಯ್ಯುವ ಮಷಿನ್ನಿನ ಉದ್ದ ಪೈಪಿನೊಳಗೆ ಇದ್ದ ಶಾಫ್ಟನ್ನೇ 60 ಮಿ.ಮೀ. ಕೊಯ್ದು ರೋಲರಿನ ತುದಿಗೆ ಬಡಿದು, ಅಡ್ಡ ಪಿನ್ ಹಾಕಿದೆ. ಅದು ಡ್ರಮ್ಮಿನೊಳಗೆ ತನ್ನ ಹಳೆಯ ಮನೆಯಲ್ಲೇ ಕೂತಿತು.

ಎಲ್ಲವನ್ನೂ ಹಿಡಿಯಲು ಒಂದು ಪ್ಲೇಟು, ಆ ಪ್ಲೇಟಿಗೆ ಮುಂದೆ ಒಂದು ಕೀಲು, ಹಿಂದೆ ಸ್ಪ್ರಿಂಗು. ಪ್ಲೇಟು ಕೂರುವುದು ಕ್ಯಾರಿಯರ್ ಮೇಲೆ. ಹಳೇ ಕ್ಯಾರಿಯರಿನ ಕಾಲು ಪೆನ್ಸಿಲಿನಷ್ಟು ದಪ್ಪ, ಅದು ಈ ಆಟಕ್ಕೆ ಸಾಲದು, 25×5 ಮಿ.ಮೀ. ಕಬ್ಬಿಣದ ಪಟ್ಟಿಯಿಂದ ಬೇರೆ ಕಾಲು ಮಾಡಿ ಹಿಂದಿನ ಆ್ಯಕ್ಸಲ್ ನಟ್ಟಿಗೆ ಕಟ್ಟಿದೆ. ಮೂಲ ಮಡ್ಗಾರ್ಡ್ ಬಿಚ್ಚಿ, ಪೇಪರ್ ಸುತ್ತಿ ಮಾಸ್ತರರ ಮನೆಗೆ ಕಳಿಸಿದೆ. ಅದರ ಜಾಗಕ್ಕೆ ಪೇಟೆಯ ಸಾದಾ ಮಡ್ಗಾರ್ಡ್ ತಂದು ರೋಲರ್ ಕೂರುವಷ್ಟು ಕಿಟಕಿ ಕೊಯ್ದೆ.

ಮೊದಲ ಚಾಲೂ ಮಾಡಿದ ದಿನ ಅಂಗಡಿ ಮುಂದೆ ಹತ್ತು ಜನ ಸೇರಿದ್ದರು. ಎಂಜಿನ್ ಬಲಕ್ಕೆ ಇಟ್ಟಿದ್ದೆ, ಎಡಗಡೆಯಿಂದ ಸೈಕಲ್ ಹತ್ತುವಾಗ ಕಾಲಿಗೆ ಬರಬಾರದು ಅಂತ. ಹಿಂದಿನ ಗಾಲಿ ಸ್ಟ್ಯಾಂಡ್ ಮೇಲೆ ಗಾಳಿಯಲ್ಲಿತ್ತು. ಹಗ್ಗ ಎಳೆದೆ, ಹೊತ್ತಿಕೊಂಡಿತು, ಎಕ್ಸಲೇಟರ್ ಕೊಟ್ಟೆ. ಗಾಲಿ ತಿರುಗಿತು, ಜೊತೆಗೆ ಪೆಡಲೂ ತಿರುಗಿತು. ಹಿಂದಕ್ಕೆ! ಒಂದು ಕ್ಷಣ ನನಗೆ ಏನಾಗುತ್ತಿದೆ ಅಂತಲೇ ತಿಳಿಯಲಿಲ್ಲ. ಗಾಲಿ ಮುಂದಕ್ಕೆ ಹೋದರೆ ಫ್ರೀವೀಲ್ ಕಟಕಟ ಅಂತ ಪೆಡಲನ್ನು ಬಿಟ್ಟುಬಿಡುತ್ತದೆ, ಹಿಂದಕ್ಕೆ ಹೋದರೆ ಹಿಡಿದುಕೊಳ್ಳುತ್ತದೆ. ಪೆಡಲ್ ತಿರುಗುತ್ತಿದೆ ಅಂದರೆ ಗಾಲಿ ಉಲ್ಟಾ ಓಡುತ್ತಿದೆ. ಶಾಫ್ಟಿನ ಕಡೆಯಿಂದ ನೋಡಿದರೆ ಈ ಎಂಜಿನ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಟಯರಿನ ಮೇಲೆ ಕೂತ ರೋಲರ್ ಗಾಲಿಗೆ ಉಲ್ಟಾ ತಿರುಗಬೇಕು. ಹಾಗಾಗಿ ಎಂಜಿನ್ ಎಡಕ್ಕೇ ಇರಬೇಕು, ಬೇರೆ ದಾರಿಯೇ ಇಲ್ಲ. ಹತ್ತು ಜನರೂ ನಕ್ಕು ಚಹಾ ಕುಡಿಯಲು ಹೋದರು. ಮಾಸ್ತರರು ನಗಲಿಲ್ಲ. "ಚಿಹ್ನೆ ತಪ್ಪೇತಿ, ಉತ್ತರ ಸರಿ ಐತಿ" ಅಂದರು.

ಎಡಕ್ಕೆ ಹಾಕಿದ ಮೇಲೆ ರೋಡಿಗೆ ಇಳಿಸಿದೆ. ಪೆಡಲ್ ಹೊಡೆದು, ಎಕ್ಸಲೇಟರ್ ತಿರುಗಿಸಿದರೆ ಎಂಜಿನ್ ಜೋರಾಗಿ ಕೂಗುತ್ತದೆ, ಸೈಕಲ್ ಮಾತ್ರ ನಿಧಾನ. ಎರಡು ನಿಮಿಷಕ್ಕೆ ಸುಟ್ಟ ವಾಸನೆ. ಕ್ಲಚ್! ಆಗ ಕೂತು ಲೆಕ್ಕ ಹಾಕಿದೆ. 32 ಮಿ.ಮೀ. ರೋಲರಿನ ಸುತ್ತಳತೆ ಸುಮಾರು 100 ಮಿ.ಮೀ. ಕ್ಲಚ್ ಪೂರ್ತಿ ಹಿಡಿಯುವುದು 4,200 ಆರ್‌ಪಿಎಂ ಹೊತ್ತಿಗೆ. ಅಂದರೆ ಸೈಕಲ್ ಗಂಟೆಗೆ 25 ಕಿಲೋಮೀಟರ್ ಓಡುವವರೆಗೂ ಕ್ಲಚ್ ಜಾರುತ್ತಲೇ ಇರುತ್ತದೆ. ಮಾಸ್ತರರು ಪೆಡಲ್ ಹೊಡೆದು 25ಕ್ಕೆ ಏರಿಸುವಷ್ಟು ಗಟ್ಟಿ ಇದ್ದಿದ್ದರೆ ಎಂಜಿನ್ನೇ ಬೇಕಿರಲಿಲ್ಲ, ಅಲ್ವಾ?

ರೋಲರನ್ನು 22 ಮಿ.ಮೀ.ಗೆ ಇಳಿಸಿದೆ. ಸುತ್ತಳತೆ 69. ಈಗ 17ಕ್ಕೇ ಕ್ಲಚ್ ಹಿಡಿಯುತ್ತದೆ, 6,000ಕ್ಕೆ ಸುಮಾರು 25 ಕಿ.ಮೀ. ಬರುತ್ತದೆ. ಅದಕ್ಕಿಂತ ಮೇಲೆ ಹೋಗದಂತೆ ಕಾರ್ಬೊರೇಟರ್ ಹತ್ತಿರ ಒಂದು ತಡೆ ಸ್ಕ್ರೂ ಹಾಕಿದೆ. ಇನ್ನೂ ಸಣ್ಣ ರೋಲರ್ ಮಾಡಿದರೆ ಇನ್ನೂ ನಿಧಾನದಲ್ಲಿ ಹಿಡಿಯುತ್ತಿತ್ತು, ಆದರೆ ಸಣ್ಣದಾದಷ್ಟೂ ಅದು ರಬ್ಬರಿಗೆ ಚಾಕುವಿನ ಹಾಗೆ ಇಳಿಯುತ್ತದೆ.

ಜಾರಬಾರದು ಅಂತ ರೋಲರ್ ಮೇಲೆ ನರ್ಲಿಂಗ್ ಮಾಡಿದೆ, ಸ್ಕ್ರೂಗೇಜ್ ಹಿಡಿಕೆಯ ಮೇಲೆ ಇರುತ್ತಲ್ಲ ಆ ಥರ ಚೂಪು ಚೂಪು. ಹಿಡಿತ ಏನೋ ಭಲೇ ಇತ್ತು. ಮಾಸ್ತರರು ಒಂದು ವಾರ ಹೊಲಕ್ಕೆ ಹೋಗಿ ಬಂದರು. ಶುಕ್ರವಾರ ಅಂಗಡಿಗೆ ಬಂದು, ಏನೂ ಹೇಳದೆ ನನಗೆ ಬೆನ್ನು ತಿರುಗಿಸಿ ನಿಂತರು. ಬಿಳಿ ಅಂಗಿ, ಕಾಲರಿನಿಂದ ಸೊಂಟದವರೆಗೆ ನಟ್ಟನಡುವೆ ಎರಡು ಬೆರಳಗಲದ ಕಪ್ಪು ಗೆರೆ. ಸ್ಕೇಲ್ ಇಟ್ಟು ಎಳೆದ ಹಾಗೆ. ಮುಟ್ಟಿ ನೋಡಿದೆ, ಸಣ್ಣ ರಬ್ಬರ್ ಪುಡಿ. ರೋಲರ್ ಟಯರನ್ನು ತುರಿಯುತ್ತಿತ್ತು, ಕೊಬ್ಬರಿ ತುರಿದ ಹಾಗೆ. ಟಯರಿನ ನಡುಗಟ್ಟು ಪೂರ್ತಿ ಮಾಯವಾಗಿ, ಒಂದೆರಡು ಕಡೆ ಒಳಗಿನ ನೂಲು ಕಾಣುತ್ತಿತ್ತು. ತೊಂಬತ್ತು ಕಿಲೋಮೀಟರೂ ಆಗಿರಲಿಲ್ಲ.

"ನಮ್ಮ ಮನಿಯಾಕಿ ಕೇಳಾಕತ್ಯಾಳ, ಬೆನ್ನ ಮ್ಯಾಲ ಯಾರ್ ಗೆರಿ ಹೊಡದ್ರು ಅಂತ."

ಹೊಸ ಟಯರಿನ ದುಡ್ಡು ನಾನೇ ಕೊಟ್ಟೆ. ರೋಲರಿನ ನರ್ಲಿಂಗ್ ತೆಗೆದು, ಉದ್ದಕ್ಕೆ ಹನ್ನೆರಡು ಗೀರು ಹಾಕಿ, ಪ್ರತಿ ಗೀರಿನ ಅಂಚನ್ನೂ ಫೈಲಿನಿಂದ ದುಂಡು ಮಾಡಿ, ಮೇಲೆ ಎಮರಿ ಪೇಪರ್ ಎಳೆದೆ. ಬೆರಳು ಒತ್ತಿ ತಿರುಗಿಸಿದರೆ ಗೀರು ಗೊತ್ತಾಗಬೇಕು, ಚರ್ಮಕ್ಕೆ ಚುಚ್ಚಬಾರದು. ಸ್ಪ್ರಿಂಗಿನ ಬಿಗಿಯೂ ಮುಖ್ಯ. ಗಾಳಿ ಚೆನ್ನಾಗಿ ತುಂಬಿದ ಟಯರಿಗೆ ರೋಲರ್ ಸುಮಾರು ಮೂರು ಮಿ.ಮೀ. ಇಳಿದರೆ ಸಾಕು. ಅದಕ್ಕಿಂತ ಕಮ್ಮಿ ಆದರೆ ಜಾರುತ್ತದೆ, ಜಾಸ್ತಿ ಆದರೆ ಎಂಜಿನ್ನಿನ ಅರ್ಧ ಶಕ್ತಿ ರಬ್ಬರ್ ಹಿಸುಕುವುದಕ್ಕೇ ಹೋಗುತ್ತದೆ. ಮಾಸ್ತರರಿಗೆ ವಾರಕ್ಕೊಮ್ಮೆ ಗಾಳಿ ಹೊಡೆಯಿರಿ ಅಂತ ಕಟ್ಟುನಿಟ್ಟಾಗಿ ಹೇಳಿದೆ. ಈ ಟಯರು 900 ಕಿಲೋಮೀಟರ್ ಓಡಿದೆ, ಅದರ ಮೇಲಿನ ಅಚ್ಚಿನ ಗೆರೆ ಇನ್ನೂ ಇವೆ.

ಬೆನ್ನಿನ ಗೆರೆಗಿಂತ ನನಗೆ ಹೆದರಿಕೆ ಇದ್ದದ್ದು ಧೋತರದ್ದು. ಮಾಸ್ತರರು ಹೊಲಕ್ಕೆ ಧೋತರ ಉಟ್ಟೇ ಹೋಗುವುದು. 6,000 ಆರ್‌ಪಿಎಂನಲ್ಲಿ ತಿರುಗುವ ರೋಲರಿಗೆ ಧೋತರದ ಚುಂಗು ಸಿಕ್ಕರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಎಣ್ಣೆ ಡಬ್ಬಿಯ ತಗಡು ಕೊಯ್ದು ರೋಲರ್, ಸೈಲೆನ್ಸರ್ ಎರಡನ್ನೂ ಪೂರ್ತಿ ಮುಚ್ಚಿದೆ. ಇಂಥದ್ದನ್ನು ಮಾಡುವವರು ಈ ತಗಡನ್ನು ಕೊನೆಗೆ ನೋಡೋಣ ಅಂತ ಬಿಡಬೇಡಿ. ನಾನೂ ಮೊದಲ ವಾರ ಬಿಟ್ಟಿದ್ದೆ, ಏನೂ ಆಗಲಿಲ್ಲ ಅನ್ನುವುದು ನಸೀಬು.

ಇನ್ನೊಂದು ತಪ್ಪು ಎಕ್ಸಲೇಟರಿನದು. ಮೊದಲು ಹಳೇ ಗೇರ್ ಸೈಕಲ್ಲಿನ ಲಿವರ್ ಹಾಕಿದ್ದೆ, ಬಿಟ್ಟ ಕಡೆ ನಿಲ್ಲುವಂಥದ್ದು. ಆರಾಮಾಗಿ ಇರುತ್ತೆ ಅಂತ. ಬೆಟಗೇರಿ ಸಂತೆಯ ದಿನ ಎದುರಿಗೆ ಆಕಳು ಬಂದಾಗ ಎರಡೂ ಕೈ ಬ್ರೇಕಿಗೆ ಹೋಯಿತು, ಎಂಜಿನ್ ಮಾತ್ರ ಹಿಂದಿನಿಂದ ತಳ್ಳುತ್ತಲೇ ಇತ್ತು. ಆಕಳೇ ಸರಿದು ದಾರಿ ಬಿಟ್ಟಿತು. ಮರುದಿನ ಲೂನಾ ಮೊಪೆಡ್ಡಿನ ತಿರುಗಿಸುವ ಗ್ರಿಪ್ ಹಾಕಿದೆ, ಕೈ ಬಿಟ್ಟರೆ ತಾನಾಗಿ ಇಳಿಯಬೇಕು. ರಾಲಿಯ ಹ್ಯಾಂಡಲ್ ದಪ್ಪವೂ ಅದೇ, ಮುಕ್ಕಾಲು ಇಂಚಿಗಿಂತ ಒಂದು ನೂಲು (ಇಂಚಿನ ಎಂಟನೇ ಒಂದು ಪಾಲು) ಜಾಸ್ತಿ, ಏನೂ ಮಾಡದೆ ಕೂತಿತು. ಪಕ್ಕದಲ್ಲೇ ಎಂಜಿನ್ ಆರಿಸುವ ಸ್ವಿಚ್ಚು.

ಬ್ರೇಕ್ ಬಗ್ಗೆ ನಾನು ಸೋತೆ, ಒಪ್ಪಿಕೊಳ್ಳುತ್ತೇನೆ. ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕಕ್ಕೆ ಅಲ್ಲ, ಒಳಮೈಗೆ ಒತ್ತುತ್ತದೆ. ಅದಕ್ಕೆ ತಕ್ಕ ಹಾಗೆ ರಿಮ್ಮಿನ ಆಕಾರವೂ ಬೇರೆ, ಈಗಿನ ಕ್ಯಾಲಿಪರ್ ಬ್ರೇಕ್ ಅದಕ್ಕೆ ಹಿಡಿಯುವುದಿಲ್ಲ. ಒಣಗಿದ್ದಾಗ ಪರವಾಗಿಲ್ಲ, 25ರ ವೇಗಕ್ಕೆ ಸಾಲುತ್ತದೆ. ಒದ್ದೆಯಾದರೆ ಕ್ರೋಮ್ ಮೆರುಗಿನ ಉಕ್ಕಿನ ಮೇಲೆ ರಬ್ಬರು ಸೋಪಿನ ಹಾಗೆ ಜಾರುತ್ತದೆ. ರಬ್ಬರ್ ಹೊಸದು ಹಾಕಿ, ರಾಡುಗಳ ಸಡಿಲು ತೆಗೆದು, ಮಳೆಯಲ್ಲಿ ಎಂಜಿನ್ ಹಚ್ಚಬೇಡಿ ಅಂತ ಹೇಳಿದ್ದಷ್ಟೇ ನನ್ನ ಕೈಲಾದದ್ದು.

ಮಳೆ ಮಾತ್ರ ಹೇಳಿ ಕೇಳಿ ಬರುತ್ತದೆಯೇ? ಕಾರಹುಣ್ಣಿಮೆ ಆದ ಮೇಲೆ ಒಂದು ಸಂಜೆ ಮಾಸ್ತರರು ಹೊಲದಲ್ಲಿದ್ದಾಗ ಹೊಡೆಯಿತು. ಡಾಂಬರು ರಸ್ತೆಯಿಂದ ಹೊಲಕ್ಕೆ ಅರ್ಧ ಕಿಲೋಮೀಟರಿಗೂ ಜಾಸ್ತಿ ಎರೆಯ ದಾರಿ. ಎರೆಮಣ್ಣು ಒದ್ದೆಯಾದರೆ ಚಪ್ಪಲಿಯನ್ನೇ ಬಿಡುವುದಿಲ್ಲ, ಇನ್ನು ಗಾಲಿಯನ್ನು ಬಿಡುತ್ತದೆಯೇ. ಮಡ್ಗಾರ್ಡಿಗೆ ನಾನು ಕೊಯ್ದಿದ್ದ ಕಿಟಕಿಯಲ್ಲಿ ಮಣ್ಣು ಮೆತ್ತಿ, ರೋಲರ್ ಸುತ್ತ ಉಂಡೆ ಕಟ್ಟಿ, ಗಾಲಿ ನಿಂತೇ ಹೋಯಿತು. ರೋಲರನ್ನು ಮೇಲೆತ್ತಲು ನಾನು ಏನೂ ಇಟ್ಟಿರಲಿಲ್ಲ, ಸ್ಪ್ರಿಂಗ್ ಬಿಚ್ಚಲು ಪಾನಾ ಬೇಕು, ಪಾನಾ ಅಂಗಡಿಯಲ್ಲಿ. ಮಾಸ್ತರರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಬಂದರಂತೆ. ಇಪ್ಪತ್ತೈದು ಕೆಜಿಗೂ ಜಾಸ್ತಿ ಭಾರ, ಮೊಳಕಾಲು ನೋವಿನ ಮನುಷ್ಯ. ಲಾರಿ ಹತ್ತಿ ಗದಗಿಗೆ ಬಂದು, ರಾತ್ರಿ ಎಂಟಕ್ಕೆ ನನ್ನ ಮನೆ ಬಾಗಿಲು ಬಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೇರೆಲ್ಲ ಕೆಲಸ ಬಿಟ್ಟು ಎತ್ತುವ ಹಿಡಿಕೆ ಮಾಡಿದೆ. ಸೀಟಿನ ಕೆಳಗೆ ಒಂದು ಲಿವರ್, ಎಳೆದು ಕೊಕ್ಕೆಗೆ ಹಾಕಿದರೆ ರೋಲರ್ ಟಯರಿನಿಂದ 15 ಮಿ.ಮೀ. ಮೇಲೆ ನಿಲ್ಲುತ್ತದೆ. ಹೊಲದ ದಾರಿ ಬಂದ ಕೂಡಲೆ ಎತ್ತಿಬಿಡುವುದು, ಪೆಡಲ್ ಹೊಡೆಯುವುದು. ಪಾನಾ ಬೇಕಾಗುವ ಜಾಗಗಳನ್ನೆಲ್ಲ ಬದಲಿಸಿದೆ. ಈಗ ಆ್ಯಕ್ಸಲ್ಲಿನ ಎರಡು ನಟ್ಟು ಬಿಟ್ಟರೆ ಉಳಿದದ್ದೆಲ್ಲ ಕೈಯಲ್ಲೇ ಬಿಚ್ಚುತ್ತದೆ. ಎಂಜಿನ್, ಪ್ಲೇಟು, ಕ್ಯಾರಿಯರ್ ಎಲ್ಲ ಒಟ್ಟಾಗಿ ಕೆಳಗಿಳಿಯುತ್ತದೆ. ಮಾಸ್ತರರು ಗಡಿಯಾರ ಹಿಡಿದು ನೋಡಿದ್ದಾರೆ, ಹನ್ನೊಂದು ನಿಮಿಷ.

ಖರ್ಚು ಒಟ್ಟು 9,200 ರೂಪಾಯಿ, ನನ್ನ ಕೂಲಿ ಬಿಟ್ಟು. ಅದರಲ್ಲಿ ಹಾಳಾದ ಟಯರೂ ಸೇರಿದೆ. ಅವರು ಪೆಡಲ್ ಹೊಡೆಯುತ್ತಾ ಓಡಿಸಿದರೆ ಲೀಟರಿಗೆ 60ರ ಆಸುಪಾಸು ಬರುತ್ತದೆ. ಆಷಾಢದ ಗಾಳಿಗೆ ಎದುರಾಗಿ ಬರುವಾಗ ವೇಗ 18ಕ್ಕೆ ಬೀಳುತ್ತದೆ, ಆಗ ಕ್ಲಚ್ ಜಾರದಿರಲಿ ಅಂತ ಸ್ವಲ್ಪ ಕಾಲು ಕೊಡಲೇಬೇಕು. ಮೊಳಕಾಲಿಗೆ ಅಷ್ಟು ವ್ಯಾಯಾಮ ಒಳ್ಳೆಯದೇ ಅಂತ ಡಾಕ್ಟರು ಹೇಳಿದ್ದಾರಂತೆ, ಹಾಗಂತ ಮಾಸ್ತರರು ಹೇಳುತ್ತಾರೆ.

ಹೋದ ಭಾನುವಾರ ಮತ್ತೆ ಬಂದಿದ್ದರು. ಎಂಜಿನ್ ಇರಲಿಲ್ಲ, ಹಳೇ ಮಡ್ಗಾರ್ಡ್ ತಿರುಗಿ ಹಾಕಿಕೊಂಡು ಬಂದಿದ್ದರು, ಕೊಕ್ಕರೆ ಬಿಲ್ಲೆಗೆ ಹುಣಸೆಹಣ್ಣು ತಿಕ್ಕಿ ಹೊಳಪು ಬರಿಸಿದ್ದರು. ಎಂಜಿನ್ ಏನಾಯಿತು ಅಂದೆ. "ಅದಕ್ಕೇನಾಗಿಲ್ಲ, ಗೋಣಿಚೀಲದಾಗ ಐತಿ. ಪೆಡಲ್ ಕಡೆ ಕಟಕ್ ಕಟಕ್ ಅನ್ನಾಕತ್ತೇತಿ, ನೋಡು." ಬಿಚ್ಚಿ ನೋಡಿದರೆ ಪೆಡಲ್ ಆ್ಯಕ್ಸಲ್ಲಿನ ಕಪ್ಪು, ಅಂದರೆ ಬೇರಿಂಗ್ ಗುಂಡು ಕೂರುವ ಬಟ್ಟಲು, ಸವೆದು ಗುಳಿ ಬಿದ್ದಿದೆ. ಪೇಟೆಯಲ್ಲಿ ಸಿಗುವ ಕಪ್ಪುಗಳೆಲ್ಲ ಇಂಚಿಗೆ 24 ಸ್ಕ್ರೂ ಎಳೆಯವು. ಹಳೇ ರಾಲಿಯದು 26. ಕಪ್ಪಿಗೆ ಕಬ್ಬಿಣ ಕೊಯ್ದು ಇಟ್ಟಿದ್ದೇನೆ, ಲೇತಿಗೆ 26ರ ಗೇರ್ ಹಚ್ಚಬೇಕು.